ಎಡಸೆರಗು, ಎಡ ಸ್ಟೇರಿಂಗು

ಮನುಷ್ಯನು ಹುಟ್ಟಿನಿಂದಲೇ ಸತ್ಯವನ್ನು ಅರಸುವ ಪ್ರಾಣಿ ಎಂದು ತಿಳಿದವರು ಹೇಳುತ್ತ ಬಂದಿದ್ದಾರೆ. ಹಾಗೆ ಹೇಳಿದವರ ಮನೆಯಲ್ಲಿ ಹಳೆ ಕಾರು ಇರಲಿಲ್ಲ ಎಂದು ಕಾಣುತ್ತದೆ. ಹಳೆ ಕಾರು ಇದ್ದವನು ಅರಸುವುದು ಬಾಗಿಲ ಹಿಡಿಕೆಯನ್ನು, ಹೆಡ್‌ಲೈಟಿನ ಗಾಜನ್ನು, ವೈಪರಿನ ಕಡ್ಡಿಯನ್ನು. ಇವೆಲ್ಲ ಸಿಕ್ಕು, ಇನ್ನೂ ಹೊತ್ತು ಉಳಿದರೆ ಸತ್ಯವನ್ನು. ನಮಗೆ ಇವು ಯಾವತ್ತೂ ಒಟ್ಟಿಗೆ ಸಿಗಲಿಲ್ಲವಾದ್ದರಿಂದ ಸತ್ಯದ ಪಾಳಿ ಬಂದೇ ಇರಲಿಲ್ಲ.

ನಾವು ಎಂದರೆ ನಾಲ್ಕು ಜನ. ನಾನು ಬಾಗಲಕೋಟೆಯ ಕೋರ್ಟಿನಲ್ಲಿ ವಕೀಲಿ ಮಾಡಿ, ಕೊನೆಗೆ ಕೋರ್ಟಿಗೂ ನನಗೂ ಪರಸ್ಪರ ಬೇಸರ ಬಂದು, ನವನಗರದ ಮನೆಯಲ್ಲಿ ಕೂತವನು. ಎರಡನೆಯವರು ಹುನಗುಂದದವರು, ಬಸ್ ಡಿಪೋದ ಮ್ಯಾನೇಜರಾಗಿ ನಿವೃತ್ತರಾದವರು. ಅವರ ಹತ್ತಿರ ಕಾರಿಲ್ಲ. ಕಾರುಗಳ ಬಗ್ಗೆ ಅಭಿಪ್ರಾಯಗಳಿವೆ. ಮೂರನೆಯವರು ಬಾದಾಮಿಯ ಫೋಟೊಗ್ರಾಫರು, ಮ್ಯಾನೇಜರ ಸಾಲಿ ಗೆಳೆಯರು. ಮೇಣಬಸದಿ ಗುಹೆಗಳ ಮೆಟ್ಟಿಲ ಹತ್ತಿರ ನಿಂತು ಊರೂರ ಪ್ರವಾಸಿಗರ ಫೋಟೊ ತೆಗೆದವರು. ಅವರ ಹಿತ್ತಲಲ್ಲಿ ಇಂಜಿನ್ ಇಲ್ಲದ ಕಾರೊಂದಿದೆ, ಅದರಲ್ಲಿ ಮಂಗಗಳು ಕೂರುತ್ತವೆ. ಒಂದು ಮಂಗ ದಿನಾಲೂ ಸ್ಟೇರಿಂಗಿನ ಹಿಂದೆಯೇ ಕೂರುತ್ತದೆ, ಉಳಿದವು ಅದಕ್ಕೆ ಜಾಗ ಬಿಡುತ್ತವೆ ಎಂದು ಅವರು ಹೇಳುತ್ತಾರೆ. ನಾಲ್ಕನೆಯವರು ಇಳಕಲ್ಲಿನ ಗ್ರಾನೈಟ್ ಸಾವ್ಕಾರರು.

ನನ್ನ ಕಾರು, ಸಾವ್ಕಾರರ ಕಾರು ಒಂದೇ ಕಂಪನಿಯವು. ಮುಖವೂ ಒಂದೇ, ಅಣ್ಣತಮ್ಮರ ಹಾಗೆ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಅರ್ಧ ಜನ ಅದಕ್ಕಿಂತ ಬೇರೆ ಕಂಪನಿಯದು ಚಲೋ ಎಂದು ವಾದಕ್ಕೆ ನಿಲ್ಲುತ್ತಾರೆ. ನನ್ನದು ಓಡುತ್ತದೆ. ಸಾವ್ಕಾರರದು ಅವರ ಗೋದಾಮಿನಲ್ಲಿ, ಕೆಂಪು ಕಲ್ಲಿನ ಹಲಗೆಗಳ ನಡುವೆ, ಮೈತುಂಬ ಕೌದಿ ಹೊದ್ದು ಮಲಗಿದೆ. ಸಾವ್ಕಾರರು ವಾರಕ್ಕೊಮ್ಮೆ ಕೌದಿ ತೆಗೆದು ಮೈ ಒರೆಸಿ ಮತ್ತೆ ಹೊದಿಸುತ್ತಾರೆ. ಒಳಗೆ ಕೈಹಾಕುವುದಿಲ್ಲ. ಮಲಗಿದವರನ್ನು ಎಬ್ಬಿಸಬಾರದು ಎಂಬುದು ಅವರ ಮನೆತನದ ರೀತಿ.

ಹಳೆ ಕಾರಿನವರು ಕೂಡಿದ ಒಂದು ವಾಟ್ಸಾಪ್ ಗುಂಪಿನಲ್ಲಿ, ಯಾರೋ, ಎಲ್ಲಿಂದಲೋ ಬಂದ ಒಂದು ಫೋಟೊ ಹಾಕಿದರು. ‘ಮುಂಬಯಿ ಕಾರಖಾನೆ, ಭಾಳ ಹಳೇದು’ ಎಂದಷ್ಟೇ ಬರೆದಿದ್ದರು. ನಿಮಗೆಲ್ಲಿ ಸಿಕ್ಕಿತು ಎಂದು ಕೇಳಿದರೆ ಇನ್ನೊಂದು ಗುಂಪಿನಲ್ಲಿ ಎಂದರು. ಈಗಿನ ಕಾಲದಲ್ಲಿ ಎಲ್ಲದರ ಮೂಲವೂ ಇನ್ನೊಂದು ಗುಂಪೇ.

ಕಪ್ಪು ಬಿಳುಪಿನ ಫೋಟೊ. ಒಂದು ಉದ್ದನೆಯ ಶೆಡ್ಡು. ಅದರ ಆಚೆ ತುದಿ ಬೆಳಕಿನಲ್ಲಿ ಕರಗಿ, ಅಲ್ಲಿ ಗೋಡೆ ಇದೆಯೋ ಸಮುದ್ರ ಇದೆಯೋ ಹೇಳಲಿಕ್ಕೆ ಬರುವುದಿಲ್ಲ. ಮೇಲಿನ ಗಾಜುಗಳಿಂದ ಬಿಸಿಲು ಜರಡಿ ಹಿಡಿದ ಹಿಟ್ಟಿನ ಹಾಗೆ ಇಳಿಯುತ್ತಿದೆ. ಕೆಳಗೆ ಕಾರುಗಳ ಸಾಲು. ಬಾನೆಟ್ ಎತ್ತಿಕೊಂಡು, ದೀಪ ಕೂಡಿಸದ ಕಣ್ಣಿನ ಗುಂಡಿಗಳನ್ನು ತೆರೆದುಕೊಂಡು, ನೀರಿಗಿಳಿಯುವ ಎಮ್ಮೆಗಳ ಹಾಗೆ ಒಂದರ ಹಿಂದೆ ಒಂದು ನಿಂತಿವೆ. ಯಾವುದಕ್ಕೂ ಅವಸರವಿಲ್ಲ. ಚಡ್ಡಿ ತೊಟ್ಟ ಕೆಲಸಗಾರರು ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಹಾಗೇ ಹಿಡಿದು ಕ್ಯಾಮೆರಾ ನೋಡುತ್ತಿದ್ದಾರೆ. ಫೋಟೊದ ಅಂಚಿನಲ್ಲಿ ರುಮಾಲು ಸುತ್ತಿ ಉದ್ದ ಕೋಟು ತೊಟ್ಟ ಒಬ್ಬ ಗಂಡಸು. ಅವನ ಪಕ್ಕ, ತಲೆತುಂಬ ಸೆರಗು ಹೊದ್ದ ಒಬ್ಬ ಹೆಣ್ಣುಮಗಳು. ಆಕೆಯ ಒಂದು ಕೈ ಕಾರಿನ ಮಡ್‌ಗಾರ್ಡಿನ ಮೇಲಿದೆ. ಫೋಟೊ ತೆಗೆಯುವಾಗ ಆಕೆ ಯಾಕೋ ಹೊರಳಿ ನೋಡಿದ್ದಾಳೆ. ಮುಖ ಇರಬೇಕಾದಲ್ಲಿ ಸ್ವಲ್ಪ ಬೆಳಕು ಇದೆ, ಅಷ್ಟೆ.

ಮಧ್ಯಾಹ್ನದ ಊಟ ಆದಮೇಲೆ ನಾನು ಆ ಫೋಟೊ ನೋಡುತ್ತ ಕೂತರೆ ಕಣ್ಣು ಎಳೆಯುತ್ತಿತ್ತು. ಕಣ್ಣು ಮುಚ್ಚಿದರೂ ಶೆಡ್ಡು ಮುಗಿಯುತ್ತಿರಲಿಲ್ಲ. ಕಾರುಗಳು ಒಂದೊಂದಾಗಿ ಅದರ ಬೆಳಕಿನ ತುದಿಯಿಂದ ಹೊರಬಿದ್ದು ನಮ್ಮ ಹಳೆ ಬಾಗಲಕೋಟೆಗೆ ಬರುತ್ತಿದ್ದವು. ಈಗ ಹಿನ್ನೀರಿನ ಅಡಿ ಇರುವ ಓಣಿಗಳಲ್ಲಿ, ಸದ್ದಿಲ್ಲದೆ, ಮೀನುಗಳಿಗೆ ದಾರಿ ಬಿಟ್ಟು, ನಮ್ಮ ಹಳೆ ಮನೆಯ ಕಟ್ಟೆಯ ಹತ್ತಿರ ತಿರುವು ತೆಗೆದುಕೊಂಡು ಹೋಗುತ್ತಿದ್ದವು. ಕಟ್ಟೆಯ ಮೇಲೆ ಕೂತವರು ಯಾರೂ ತಲೆ ಎತ್ತುತ್ತಿರಲಿಲ್ಲ. ನನ್ನ ಹೆಂಡತಿ ಇದಕ್ಕೆಲ್ಲ ಸೇರಿಸಿ ಗೊರಕೆ ಎನ್ನುತ್ತಾಳೆ.

ಸಾವ್ಕಾರರ ಫೋನು ಬಂದದ್ದು ಅಂಥದೇ ಒಂದು ಮಧ್ಯಾಹ್ನ.

“ವಕೀಲ್ರ, ಆ ಫೋಟೊದಾಗಿನ ಹೆಣ್ಮಗಳನ್ನ ನೋಡೀರೇನ್ರಿ?”

“ನೋಡೇನ್ರಿ. ಮಾರೀನ ಇಲ್ಲ.”

“ನಮ್ಮ ಚಿಗವ್ವಗ ತೋರಿಸಿದ್ನಿರಿ. ಆವಾಗಿಂದ ಮೊಬೈಲ್ ವಾಪಸ್ ಕೊಡವಲ್ಲಳು. ಈಗ ಮಗನ ಫೋನಿಂದ ಮಾತಾಡಾಕತ್ತೇನಿ.”

ಚಿಗವ್ವ ಎಂದರೆ ಅವರ ತಾಯಿಯ ತಂಗಿ, ಎಂಬತ್ತು ದಾಟಿದವರು. ಇಳಕಲ್ಲಿನ ಹೆಣ್ಣುಮಕ್ಕಳ ಸಾಲಿಯಲ್ಲಿ ಅಕ್ಕೋರಾಗಿ ಅರ್ಧ ಊರಿಗೆ ಅಕ್ಷರ ಕಲಿಸಿದವರು, ಆ ಅರ್ಧ ಊರು ಕಟ್ಟಿಕೊಂಡ ಗಂಡಂದಿರನ್ನೂ ಹೆದರಿಸಿ ಇಟ್ಟವರು. ಗೋದಾಮಿನ ಕಾರು ಅವರ ಅಪ್ಪನದು. ಅಪ್ಪ ಅವ್ವ ಇಬ್ಬರೂ ಮುಂಬಯಿಗೆ ಹೋಗಿ ಕಾರಖಾನೆಯಿಂದಲೇ ಅದನ್ನು ತಂದಿದ್ದರಂತೆ. ಸಾಲಾಗಿ ನಿಂತ ಕಾರುಗಳಲ್ಲಿ ಒಂದರ ಮೇಲೆ ಅವ್ವ ಕೈಯಿಟ್ಟು “ಇದ ಇರಲಿ” ಅಂದಿದ್ದಳಂತೆ. ಮರುವರ್ಷ ಚಿಗವ್ವ ಹುಟ್ಟಿದರು. ಅವರು ತೊಟ್ಟಿಲಲ್ಲಿ ಇರುವಾಗಲೇ ಅವ್ವ ತೀರಿಕೊಂಡರು. ಒಂದೇ ಒಂದು ಫೋಟೊ ಇಲ್ಲ. ಅವ್ವನನ್ನು ಕಂಡು ನೆನಪಿಟ್ಟಿದ್ದ ಅಕ್ಕ, ಎಂದರೆ ಸಾವ್ಕಾರರ ತಾಯಿ, ಅವರೂ ಹೋಗಿ ಬಹಳ ಕಾಲವಾಯಿತು.

ಹೀಗೆ ಜೀವಮಾನವಿಡೀ ತಾಯಿಯ ಮುಖ ಕಾಣದ ಹೆಣ್ಣುಮಗಳೊಬ್ಬರು ಈಗ ಮುಖವಿಲ್ಲದ ಫೋಟೊವೊಂದನ್ನು ಹಿಡಿದುಕೊಂಡು ಕೂತಿದ್ದರು. “ಈಕಿ ನಮ್ಮವ್ವ ಹೌದೋ ಅಲ್ಲೋ, ನಿನ್ನ ಗೆಳ್ಯಾರನ್ನ ಕೇಳಿ ಹೇಳು. ಬರೇ ಭಜಿ ತಿನ್ನಾಕ ಕೂಡ್ತಾರೋ, ಏನರ ತಿಳೀತೈತೋ ಅವರಿಗೆ, ನೋಡೂಣು,” ಎಂದು ಅಕ್ಕೋರ ಅಪ್ಪಣೆಯಾಗಿತ್ತು.

ಆ ಆದಿತ್ಯವಾರ ನಮ್ಮ ಪಡಸಾಲೆಯಲ್ಲಿ ಪೀಠ ಕೂಡಿತು. ಬಾದಾಮಿಯವರು ಫೋಟೊವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವನ್ನು ತಂದಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಮ್ಯಾನೇಜರು ಭೂತಗನ್ನಡಿ ಹಿಡಿದು ಅದರ ಮೇಲೆ ಬಗ್ಗಿದರು. ಸಾವ್ಕಾರರು ಅವರ ಬೆನ್ನನ್ನೇ ನೋಡುತ್ತಿದ್ದರು. ಒಂದು ಬೆನ್ನಿನಲ್ಲಿ ಅಷ್ಟೊಂದು ಭವಿಷ್ಯ ಓದುವವರನ್ನು ನಾನು ಬೇರೆ ಕಂಡಿಲ್ಲ.

“ಆತ್ರಿ, ಮುಗೀತು,” ಎಂದು ಮ್ಯಾನೇಜರು ಎದ್ದು ಕೂತರು. “ಸ್ಟೇರಿಂಗ್ ಎಡಗಡೆ ಐತಿ.”

ಬಗ್ಗಿ ನೋಡಿದೆವು. ಇತ್ತು. ಅಷ್ಟು ದಿನ ನಾಲ್ವರೂ ನೋಡಿದ್ದೆವು, ಒಬ್ಬರಿಗೂ ಕಂಡಿರಲಿಲ್ಲ. ಹಳೆ ಕಾರಿನವರು ಕಾರು ನೋಡುವುದು ಮದುವೆಗೆ ಹೆಣ್ಣು ನೋಡಿದ ಹಾಗೆ. ಮುಖಕ್ಕೆ ಕಣ್ಣು ಹಚ್ಚಿದರೆ ಉಳಿದದ್ದು ಮನೆಗೆ ಬಂದಮೇಲೆ.

“ಎಡ ಸ್ಟೇರಿಂಗ್ ಅಂದ್ರ ಪರದೇಶ. ಇದು ಮುಂಬಯಿ ಅಲ್ಲ,” ಎಂದರು ಮ್ಯಾನೇಜರು.

“ಪರದೇಶದಾಗ ಸೀರಿ ಉಟ್ಟಾಕಿ ಎಲ್ಲಿಂದ ಬಂದ್ಲಲೇ?” ಎಂದರು ಬಾದಾಮಿಯವರು.

“ನೋಡಾಕ ಹೋಗಿದ್ದಾಳು. ನಿಮ್ಮ ಗುಡಿ ನೋಡಾಕ ಬಿಳೇ ಮಂದಿ ಬರೂದಿಲ್ಲೇನು? ಹಂಗ.”

ನನ್ನ ಹೆಂಡತಿ ಗಿರ್ಮಿಟ್ ತಟ್ಟೆಗಳನ್ನು ತಂದು, ಇಡಲು ಜಾಗ ಸಿಗದೆ, ಫೋಟೊದ ಕಡೆ ಒಮ್ಮೆ ಕಣ್ಣು ಹಾಯಿಸಿದಳು. “ಈಕಿ ನಮ್ಮ ಪೈಕಿ ಅಲ್ಲ ಬಿಡ್ರಿ,” ಎಂದಳು. “ಎಡಸೆರಗ ಹೊತ್ಕೊಂಡಾಳ.”

ನಮ್ಮ ಮನೆತನಗಳಲ್ಲಿ ಹೆಣ್ಣುಮಕ್ಕಳು ಸೆರಗನ್ನು ಬಲ ಹೆಗಲ ಮೇಲೆ ಹೊದೆಯುತ್ತಾರೆ. ಬೇರೆ ಮನೆತನಗಳಲ್ಲಿ ಎಡಕ್ಕೆ. ಇದಕ್ಕೆ ಕಾರಣ ಏನೆಂದು ಯಾರೂ ಕೇಳಿದ್ದಿಲ್ಲ. ಆದರೆ ಮದುವೆ ಮನೆಯ ಬಾಗಿಲಲ್ಲಿ ನಿಂತು, ಬರುವವರು ಬೀಗರೋ ದಾರಿ ತಪ್ಪಿ ಬಂದವರೋ ಎಂದು ಮುದುಕಿಯರು ತೀರ್ಮಾನಿಸುವುದು ಇದರಿಂದಲೇ. ಚಿಗವ್ವನ ತಾಯಿ ಎಡಸೆರಗು ಹೊದ್ದು ಮುಂಬಯಿಗೆ ಹೋಗಿರುವುದು ಸಾಧ್ಯವಿರಲಿಲ್ಲ. ಚಿಗವ್ವನಿಗೆ ಮೊಬೈಲಿನ ಗೇಣಗಲದ ಗಾಜಿನಲ್ಲಿ, ಪೊರೆ ಬಂದ ಕಣ್ಣಿಗೆ, ಇದು ಕಂಡಿರಲಿಕ್ಕಿಲ್ಲ.

ಸಾವ್ಕಾರರು ಗಿರ್ಮಿಟ್ ಮುಟ್ಟಲಿಲ್ಲ. “ಮನಿಗೆ ಹೋಗಿ ಏನಂತ ಹೇಳ್ಲಿರಿ ಆಕಿಗೆ?” ಎಂದರು. ಕಲ್ಲಿನ ಗಣಿಯಲ್ಲಿ ಸುರಂಗದ ಮದ್ದು ಹಾರಿಸಿ ಬದುಕುವ ಮನುಷ್ಯನ ದನಿ ಅಷ್ಟು ಸಣ್ಣದಾದದ್ದನ್ನು ಆವತ್ತೇ ಕೇಳಿದ್ದು.

ಆಗ ಬಾದಾಮಿಯವರು ಒಂದು ಬಾಯಿ ಗಿರ್ಮಿಟ್ ಹಾಕಿಕೊಂಡು, ಅಗಿಯುವುದನ್ನು ಅರ್ಧಕ್ಕೆ ನಿಲ್ಲಿಸಿದರು.

“ಅಲ್ಲಲೇ, ಎರಡೂ ಎಡಕ್ಕ ಯಾಕ ಬಂದ್ವು?”

“ಏನು ಎರಡು?”

“ಸ್ಟೇರಿಂಗೂ ಎಡಕ್ಕ, ಸೆರಗೂ ಎಡಕ್ಕ. ಒಂದು ತಪ್ಪಾದ್ರ ತಪ್ಪು. ಎರಡೂ ಕೂಡಿ ಒಂದ ಕಡಿ ತಪ್ಪಿದ್ರ ಅದು ನನ್ನಂಥಾವನ ಕೆಲಸ.” ಆಮೇಲೆ ನಗಲು ಸುರುಮಾಡಿದರು. ಫಿಲ್ಮಿನ ಕಾಲದಲ್ಲಿ ನೆಗೆಟಿವ್ ಬೋರಲಾಗಿ ಇಟ್ಟು ಅಚ್ಚು ಹಾಕಿದರೆ ಇಡೀ ಫೋಟೊ ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವಾಗಿ ಬರುತ್ತಿತ್ತಂತೆ. ಒಮ್ಮೆ ಅವರ ಕೈಯಿಂದ ಒಂದು ಮದುವೆಯ ಫೋಟೊ ಹಾಗಾಗಿ, ಬೀಗರು ಆಲ್ಬಮ್ ನೋಡಿ “ಇವರು ಯಾರ ಮನಿ ಹೆಣ್ಮಕ್ಕಳು? ನಮ್ಮ ಮಂದಿ ಫೋಟೊ ಕೊಡ್ರಿ,” ಎಂದು ಜಗಳಕ್ಕೆ ಬಂದಿದ್ದರಂತೆ. ಅತ್ತೆ, ಸೊಸೆ, ನಾದಿನಿಯರೆಲ್ಲ ತಮ್ಮದೇ ಮುಖ ಹೊತ್ತು ಎದುರಿಗೇ ಕೂತಿದ್ದರೂ, ಎಡಸೆರಗು ನೋಡಿ ತಮ್ಮನ್ನು ತಾವೇ ಗುರುತಿಸಲಿಲ್ಲವಂತೆ.

ಸಾವ್ಕಾರರು ತಟ್ಟೆ ಎಳೆದುಕೊಂಡರು.

ಆದರೆ ಸಾಬೀತು ಮಾಡುವುದು ಹೇಗೆ? ಅಕ್ಷರ ಇದ್ದಿದ್ದರೆ ಸುಲಭವಿತ್ತು. ಗೋಡೆಯ ಮೇಲಿನ ಬೋರ್ಡು ಮಸುಕಾಗಿತ್ತು. ಕಂಬದ ಮೇಲೆ ದೊಡ್ಡದಾಗಿ ಒಂದು ಅಂಕಿ ಬರೆದಿದ್ದರು, ಇಂಗ್ಲಿಷಿನ ಎಂಟು. ಲೋಕದಲ್ಲಿ ಅಷ್ಟೊಂದು ಅಂಕಿಗಳಿದ್ದರೂ ಆ ಪುಣ್ಯಾತ್ಮನಿಗೆ ಬೇಕಾದದ್ದು ಎಂಟೇ. ಎಂಟನ್ನು ಅತ್ತಲಿಂದ ನೋಡಿದರೂ ಎಂಟೇ, ಇತ್ತಲಿಂದ ನೋಡಿದರೂ ಎಂಟೇ.

“ಮೊಬೈಲ್ನ್ಯಾಗ ತಿರುವೂ ಬಟನ್ ಐತಿ, ಆದ್ರ ನಾ ಅದನ್ನ ನಂಬೂದಿಲ್ಲ,” ಎಂದು ಬಾದಾಮಿಯವರು ಫೋಟೊ ಹಿಡಿದುಕೊಂಡು ನಮ್ಮ ಒಳಕೋಣೆಗೆ ನಡೆದರು. ಕಪಾಟಿನ ದೊಡ್ಡ ಕನ್ನಡಿಯ ಎದುರು ನಿಂತರು. ನಾವು ಹಿಂದೆ ನಿಂತೆವು.

ನಿದ್ದೆಯಲ್ಲಿ ಮಗ್ಗಲು ಬದಲಿಸಿದವರ ಹಾಗೆ ಇಡೀ ಕಾರಖಾನೆ ಹೊರಳಿತು. ಕಾರುಗಳು ಆ ಕಡೆಯಿಂದ ಈ ಕಡೆಗೆ ಮುಖ ಮಾಡಿದವು. ಸ್ಟೇರಿಂಗು ಬಲಕ್ಕೆ ಬಂದು ಕೂತಿತು. ಬಿಸಿಲು ಬೇರೆ ಗಾಜಿನಿಂದ ಇಳಿಯತೊಡಗಿತು. ಇಷ್ಟು ಹೊತ್ತು ಪರದೇಶದವಳಾಗಿದ್ದ ಆ ಹೆಣ್ಣುಮಗಳು ಬಲಸೆರಗು ಹೊದ್ದು ನಮ್ಮ ಓಣಿಯವಳಾಗಿ ನಿಂತಳು. ಮುಖ ಆಗಲೂ ಇರಲಿಲ್ಲ. ಆದರೂ ಪರಿಚಯದವರು ಎನಿಸಿ, ನಾನು ನಮಸ್ಕಾರಕ್ಕೆ ಕೈ ಎತ್ತಲು ಹೋಗಿ ತಲೆ ಕೆರೆದುಕೊಂಡೆ.

ಮ್ಯಾನೇಜರು ನನ್ನ ಹೆಂಡತಿಯನ್ನು ಕರೆದು, ಖಾತ್ರಿಗಾಗಿ ಕನ್ನಡಿಯ ಮುಂದೆ ಒಮ್ಮೆ ನಿಲ್ಲಬೇಕೆಂದು ವಿನಂತಿಸಿಕೊಂಡರು.

“ನಾ ಏನು ನಿಮ್ಮ ಕೋರ್ಟಿನ ಮುದ್ದೆಮಾಲೇನ್ರಿ?” ಎಂದಳಾದರೂ ನಿಂತಳು. ಬಲಸೆರಗಿನ ನನ್ನ ಹೆಂಡತಿ ಕನ್ನಡಿಯಲ್ಲಿ ಎಡಸೆರಗಿನವಳಾಗಿದ್ದಳು. ಇಷ್ಟು ವರ್ಷ ದಿನಾಲೂ ಅದೇ ಕನ್ನಡಿಯಲ್ಲಿ ತಲೆ ಬಾಚಿಕೊಂಡವಳು ತನ್ನನ್ನೇ ಹೊಸದಾಗಿ ನೋಡಿ, “ಅಯ್ಯ ಶಿವನ!” ಎಂದು ಒಳಗೆ ಹೋದಳು.

“ಇದೆಲ್ಲಾ ಸರಿ. ಆದ್ರ ಇದು ಆಗಬಹುದು ಅನ್ನೂದು ಆತು, ಆಗೇತಿ ಅನ್ನೂದು ಎಲ್ಲಾತು?” ಎಂದರು ಮ್ಯಾನೇಜರು. ಡಿಪೋದಲ್ಲಿ ಚಾಲಕರ ಸಬೂಬು ಕೇಳಿ ಕೇಳಿ ಗಟ್ಟಿಯಾದ ಕಿವಿ ಅವರದು. ಫೋಟೊದಲ್ಲಿ ಬಾನೆಟ್ಟುಗಳು ತೆರೆದಿದ್ದವಲ್ಲ; ಒಳಗೆ ಬ್ಯಾಟರಿ ಬಲಗಡೆ, ಡೈನಮೊ ಎಡಗಡೆ ಕಾಣುತ್ತಿದ್ದವು. ಹಂಗಾದ್ರ ವಕೀಲರ ಗಾಡಿ ತೆಗೆದು ನೋಡೋಣ ಎಂದರು.

ಅಂಗಳದಲ್ಲಿ ನನ್ನ ಕಾರಿನ ಬಾನೆಟ್ ಎತ್ತಿದೆವು. ಬ್ಯಾಟರಿ ಎಡಗಡೆ. ಡೈನಮೊ ಬಲಗಡೆ. ಮ್ಯಾನೇಜರು ಕಾರನ್ನೂ ಫೋಟೊವನ್ನೂ ಸರದಿಯ ಮೇಲೆ ನೋಡಿ, ಭೂತಗನ್ನಡಿ ಕಿಸೆಗೆ ಹಾಕಿಕೊಂಡರು.

“ಸ್ಟೇರಿಂಗ್ ಬದಲಿ ಮಾಡಬಹುದು,” ಎಂದರು. “ಆದ್ರ ಇಡೀ ಇಂಜಿನ್ನಿನ ಕರಳು ಹೊರಳಿಸಿ ಯಾವ ಕಂಪನ್ಯಾವನೂ ಇಡೂದಿಲ್ಲ. ಫೋಟೊ ತಿರುವು ಆಗೇತಿ. ಒಪ್ಪಿದ್ನಿ.”

ಮ್ಯಾನೇಜರು ಒಪ್ಪಿದ್ದು ಅವರ ಮದುವೆಯ ನಂತರ ಇದು ಎರಡನೆಯ ಸಲ ಎಂದು ಬಾದಾಮಿಯವರು ಹೇಳಿದರು. ಸಾವ್ಕಾರರು ನಮ್ಮ ಮೂವರಿಗೂ ಕೈ ಮುಗಿದು, ಆಮೇಲೆ ಕಾರಿಗೂ ಮುಗಿದರು. ಬಲ ಸ್ಟೇರಿಂಗು, ಬಲಸೆರಗು, ಮುಂಬಯಿ, ಕೈಯಿಟ್ಟ ಮಡ್‌ಗಾರ್ಡು. ನಾನು ಕುರ್ಚಿಯಲ್ಲಿ ಸರಿಯಾಗಿ ಕೂತು, ಕನ್ನಡಕ ಏರಿಸಿಕೊಂಡು, ದಾವೆ ವಾದಿಯ ಪರ ತೀರ್ಮಾನವಾಗಿದೆ ಎಂದು ಸಾರಿದೆ. ಬಾದಾಮಿಯವರು ಸರಿಯಾಗಿ ತಿರುಗಿಸಿದ ಹೊಸ ಅಚ್ಚನ್ನು ಚೌಕಟ್ಟು ಹಾಕಿಸಿ ಇಳಕಲ್ಲಿಗೆ ಕಳಿಸಿಕೊಟ್ಟರು. ಆದರೆ ಬಾಯಿಬಿಟ್ಟು ಹೇಳುವುದು ನಾಲ್ವರೂ ಕೂಡಿ, ಮುಂದಿನ ಆದಿತ್ಯವಾರ, ಅಲ್ಲಿಯೇ ಎಂದಾಯಿತು. ಗೆದ್ದ ಕೇಸಿನ ತೀರ್ಪನ್ನು ಟಪಾಲಿನಲ್ಲಿ ಕಳಿಸುವುದು ವಕೀಲನಿಗೆ ಒಪ್ಪುವ ಮಾತಲ್ಲ.

ನನ್ನ ಕಾರಿನಲ್ಲೇ ಹೋದೆವು. ಸಾವ್ಕಾರರು ಅಲ್ಲಿ ಕಾಯುತ್ತಿದ್ದರು. ಬಾದಾಮಿಯವರು ಮುಂದೆ, ಹುನಗುಂದದಿಂದ ಬೆಳಿಗ್ಗೆಯೇ ಬಸ್ಸಿನಲ್ಲಿ ನಮ್ಮ ಮನೆಗೆ ಬಂದ ಮ್ಯಾನೇಜರು ಹಿಂದೆ. ತಮ್ಮ ಊರು ದಾರಿಯಲ್ಲೇ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಆದರೆ ಸೀಟು ಬೇಕಾದರೆ ಹೊರಡುವಲ್ಲಿಂದಲೇ ಹತ್ತಬೇಕು ಎಂಬುದು ಡಿಪೋದ ನಿಯಮ. ಬಿಳಿಜೋಳ ತೆನೆ ಹಿಡಿದ ಕಾಲ. ಎರಡೂ ಕಡೆ ಹೊಲಗಳು ಒಂದೇ ಸಮ ತಲೆ ಅಲ್ಲಾಡಿಸುತ್ತಿದ್ದವು, ನಮ್ಮ ತೀರ್ಪು ಅವಕ್ಕೂ ಒಪ್ಪಿಗೆಯಾದ ಹಾಗೆ. ನನ್ನ ಕಾರು ಓಡುವ ಗತಿಯಲ್ಲಿ ದಾರಿಯ ಮರಗಳು ಹಿಂದೆ ಹೋಗುವುದಿಲ್ಲ. ಸ್ವಲ್ಪ ದೂರ ಜೊತೆಗೆ ಬಂದು, ಮಾತಾಡಿಸಿ, ಆಮೇಲೆ ನಿಲ್ಲುತ್ತವೆ. ಕಮತಗಿಯಲ್ಲಿ ಚಹಾ ಕುಡಿದೆವು. ಅಮೀನಗಡದಲ್ಲಿ ಚಿಗವ್ವನಿಗೆ ಕರದಂಟು ತೆಗೆದುಕೊಂಡೆವು. ಹುನಗುಂದ ದಾಟಿದೆವು. ಇಂಜಿನ್ನಿನ ಗುಂಗು, ಒಳಗೆ ಹರಿದಾಡುವ ಬಿಸಿಲು. ಮುಂದಿನ ಗಾಜಿನಲ್ಲಿ ರಸ್ತೆಯ ತುದಿ ಬೆಳ್ಳಗೆ ಕರಗುತ್ತಿತ್ತು. ಅದು ಇಳಕಲ್ಲಿನ ರಸ್ತೆಯೋ ಆ ಶೆಡ್ಡೋ ಎಂದು ನನಗೆ ಒಂದು ಗಳಿಗೆ ತಿಳಿಯದೆ ಹೋಯಿತು. ಅಂಚಿನಲ್ಲಿ ಯಾರೋ ನಿಂತು ಹೊರಳಿ ನೋಡಿದಂತೆ ಆಯಿತು. “ವಕೀಲ್ರ, ಲಾರಿ!” ಎಂದು ಹಿಂದಿನಿಂದ ಮ್ಯಾನೇಜರು ಕೂಗಿದರು.

ಗೋದಾಮು ಸಾವ್ಕಾರರ ಮನೆಗೆ ಅಂಟಿಕೊಂಡೇ ಇದೆ. ಕೌದಿ ತೆಗೆದಿದ್ದರು. ಮೆರುಗು ಕೊಟ್ಟ ಕೆಂಪು ಕಲ್ಲಿನ ಹಲಗೆಗಳು ಸುತ್ತಲೂ ಒರಗಿ ನಿಂತು, ಒಂದೊಂದರಲ್ಲೂ ಒಂದೊಂದು ಕಾರು, ಕೆಂಪು ನೀರಿನಲ್ಲಿ ಮುಳುಗಿದ ಹಾಗೆ ಕಾಣುತ್ತಿತ್ತು. ಮ್ಯಾನೇಜರು ರಿವಾಜಿಗೆಂದು, ಬರೀ ರಿವಾಜಿಗೆಂದು, ಬಾನೆಟ್ ಎತ್ತಿದರು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಸಾವ್ಕಾರ್ರ, ಬ್ಯಾಟರಿ ಎಲ್ಲೈತ್ರಿ?”

“ಯಾವಾಗೋ ತಗದಿಟ್ಟಾರ್ರಿ. ಗಾಡಿ ನಿಂತು ಭಾಳ ವರ್ಷ ಆತು.”

“ಬ್ಯಾಟರಿ ತಗದಿಟ್ಟೀರಿ, ಖರೆ. ಅದು ಕೂಡೂ ಜಾಗಾನೂ ತಗದಿಟ್ಟೀರೇನು?”

ಬಗ್ಗಿ ನೋಡಿದೆವು. ನನ್ನ ಕಾರಿನಲ್ಲಿ ಬ್ಯಾಟರಿ ಕೂರುವಲ್ಲಿ ಇದರಲ್ಲಿ ಏನೂ ಇರಲಿಲ್ಲ. ಕೂರಿಸಿದ ಗುರುತೂ ಇರಲಿಲ್ಲ. ಮ್ಯಾನೇಜರು ಬಾಗಿಲು ತೆರೆದು, ಮುಂದಿನ ಸೀಟು ಎತ್ತಿ, ಕೆಳಗಿನ ಹಲಗೆ ಸರಿಸಿದರು. ಅಲ್ಲಿ, ನೆಲದಲ್ಲಿ, ತುಕ್ಕು ಹಿಡಿದ ಒಂದು ಪೆಟ್ಟಿಗೆಯಿತ್ತು.

“ಇಲ್ಲೈತಿ ನೋಡ್ರಿ, ಸೀಟಿನ ಬುಡಕ. ಇದು ಮೊದಲಿನ ನಮೂನಿ. ಬ್ಯಾಟರಿ ಮುಂದ ಬಂದದ್ದು ಆಮ್ಯಾಲಿನ ನಮೂನ್ಯಾಗ, ಆರೇಳು ವರ್ಷ ಬಿಟ್ಟು. ಫೋಟೊದಾಗಿನವು ವಕೀಲ್ರ ಗಾಡಿ ಜೋಡಿ ಹುಟ್ಟಿದವು. ಇದರ ಜೋಡಿ ಅಲ್ಲ.”

“ಮೂತಿ ಒಂದ ಐತೆಲ್ಲಲೇ?” ಎಂದರು ಬಾದಾಮಿಯವರು.

“ಅದ ನನಗೂ ತಿಳೀವಲ್ದು.”

ಅಷ್ಟರಲ್ಲಿ ಮನೆಯ ಕಡೆಯ ಬಾಗಿಲಲ್ಲಿ ಕೋಲು ಊರುವ ಸದ್ದಾಯಿತು. “ಏನ್ರೋ, ಅದರ ಬಾಯಿ ತಗದು ಎಲ್ಲಾರೂ ಇಣಕಾಕತ್ತೀರಿ? ಹಲ್ಲು ಹುಳುಕಾಗ್ಯಾವೇನು?”

ಚಿಗವ್ವ. ಬೆಳ್ಳಗಿನ ಸಣ್ಣ ಆಳು, ದಾಳಿಂಬೆ ಬಣ್ಣದ ಇಳಕಲ್ ಸೀರೆ, ತಲೆಯ ಮೇಲಿಂದ ಬಲ ಹೆಗಲಿಗೆ ಇಳಿದ ಸೆರಗು. ನಮಸ್ಕಾರ ಹೇಳಿದೆವು. ಸುಮ್ಮನಿರಬೇಕಾಗಿತ್ತು. ಆದರೆ ಮ್ಯಾನೇಜರಿಗೆ ಅನುಮಾನ ಹುಟ್ಟಿದರೆ ಅದು ಕೆಮ್ಮಿನಂತೆ, ತಡೆಯಲು ಬರುವುದಿಲ್ಲ.

“ಅಕ್ಕೋರ, ಈ ಗಾಡಿ ಮೂತಿ ಯಾವಾಗರ ಬದಲಿ ಆಗಿತ್ತೇನ್ರಿ?”

“ಆಗದ ಬಿಡ್ತೈತೇನು? ಗೂಳಿ ಹಾದಿತ್ತಲ್ಲ!” ಚಿಗವ್ವನ ಮುಖ ಅರಳಿತು. “ನಾ ಆವಾಗ ಹೊಸದಾಗಿ ಅಕ್ಕೋರಾಗಿದ್ನಿ. ಸಂತಿ ದಿನ. ದೇವರಿಗೆ ಬಿಟ್ಟ ಗೂಳಿ, ಬಡಿಯಾಕ ಬರೂದಿಲ್ಲ. ಅದು ಕಾರಿನ ಮುಂದ ಬಂದು, ಆ ಹೊಳಪಿನ್ಯಾಗ ತನ್ನ ಮಾರಿ ತಾನ ನೋಡ್ಕೊಂತು. ಇನ್ನೊಂದು ಗೂಳಿ ಐತಿ ಅಂತ ತಿಳದು ಹಾದಬಿಡ್ತು! ಮೂತಿ ಪೂರಾ ಅಪ್ಪಚ್ಚಿ. ನಮ್ಮಪ್ಪ ಸೊಲ್ಲಾಪುರದಾಗ ಆ ಹೊಸಾ ನಮೂನಿ ಗಾಡಿ ಮೂತಿ ಹುಡುಕಿ ತಂದು ಕೂಡಿಸಿದ್ರು. ಮೊದಲಿಂದು ಬ್ಯಾರೆ ಇತ್ತು, ಜಾಲರಿ ಜಾಲರಿ.”

ವಕೀಲಿಯಲ್ಲಿ ನಾನು ಬಗೆಬಗೆಯ ಸಾಕ್ಷಿಗಳನ್ನು ಕಂಡಿದ್ದೇನೆ. ಇಷ್ಟು ಖುಷಿಯಿಂದ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದವರನ್ನು ಕಂಡಿರಲಿಲ್ಲ. ಅವರಿಗೆ ತಾವು ಏನು ಹೇಳಿದೆವು ಎಂಬುದು ಗೊತ್ತಿರಲಿಲ್ಲ. “ಒಳಗ ಬರ್ರಿ, ಕಾಯಾಕತ್ತೇನಿ,” ಎಂದು ಹೋದರು.

ಸಾವ್ಕಾರರು ನನ್ನ ತೋಳು ಹಿಡಿದು ಕಲ್ಲುಗಳ ಹಿಂದೆ ಕರೆದುಕೊಂಡು ಹೋದರು. “ವಕೀಲ್ರ, ಹೌದು ಅಂದುಬಿಡ್ರಿ. ಯಾರ ಗಂಟು ಹೋಗ್ತೈತಿ? ಇಷ್ಟು ವರ್ಷ ಕೋರ್ಟಿನ್ಯಾಗ ಹೇಳೀರಿ, ನಮ್ಮ ಮನ್ಯಾಗ ಒಮ್ಮೆ ಹೇಳಾಕ ಏನಾಗೇತಿ?”

“ಆಕಿಗೆ ಗೊತ್ತಾದ್ರ?”

“ಹೆಂಗ ಗೊತ್ತಾಗ್ತೈತ್ರಿ? ಗೂಳಿ ಬಂದು ಹೇಳ್ತೈತೇನು?”

ಅದೂ ಖರೆ. ಗೋದಾಮಿನಿಂದ ಪಡಸಾಲೆಗೆ ನಡೆಯುವಷ್ಟರಲ್ಲಿ ನಾನು ಒಂದು ಚಲೋ ಪೀಠಿಕೆ ಕಟ್ಟಿಕೊಂಡೆ; ಹೌದು ಎಂದೂ ಅನ್ನದ, ಅಲ್ಲ ಎಂದೂ ಅನ್ನದ, ಕೇಳಿದವರಿಗೆ ತಮಗೆ ಬೇಕಾದದ್ದು ಕೇಳಿಸುವ ಪೀಠಿಕೆ. ಅಂಥವು ನನಗೆ ಬರುತ್ತವೆ.

ಚಿಗವ್ವ ಕಿಡಕಿಯ ಬೆಳಕಿಗೆ ಕೂತಿದ್ದರು. ಚೌಕಟ್ಟು ಹಾಕಿದ ಫೋಟೊ ತೊಡೆಯ ಮೇಲಿತ್ತು. ಗಾಜಿನ ಮೇಲೆ, ಆ ಮುಖವಿಲ್ಲದ ಜಾಗದಲ್ಲಿ, ಬೆರಳು ಆಡಿಸಿ ಆಡಿಸಿ ಜಿಡ್ಡಿನ ಒಂದು ಗುರುತು ಕೂತಿತ್ತು.

“ವಕೀಲ್ರ, ನೀವ ಹೇಳ್ರಿ. ಇವ ನಾ ಎತ್ತಿ ಆಡಿಸಿದ ಹುಡುಗ. ನನ್ನ ಮುಂದ ಸುಳ್ಳು ಹೇಳ್ತಾನ. ಈಕಿ ನಮ್ಮವ್ವ ಹೌದೋ ಅಲ್ಲೋ?”

“ಅಲ್ಲ್ರಿ ಅಕ್ಕೋರ,” ಎಂದೆ. ಪೀಠಿಕೆ ಗೋದಾಮಿನಲ್ಲೇ ಉಳಿದಿತ್ತು.

ಆಮೇಲೆ ಕಾರಣ ಹೇಳಬೇಕಾಯಿತು. ಕೋರ್ಟಿಗೆ ಹೇಳುವ ಹಾಗೆ ಒಂದೊಂದಾಗಿ ಹೇಳಿದೆ. ಫೋಟೊ ಗುಂಪಿನಲ್ಲಿ ತಿರುವುಮುರುವಾಗಿ ಬಂದಿತ್ತು, ನಾವು ಸರಿಮಾಡಿದೆವು, ಅದು ಮುಂಬಯಿಯದೇ. ಆದರೆ ಈ ನಮೂನೆಯ ಕಾರುಗಳು ಕಾರಖಾನೆಯಲ್ಲಿ ಸಾಲಾಗಿ ನಿಂತದ್ದು ನಿಮ್ಮಪ್ಪ ಕಾರು ತಂದ ಎಷ್ಟೋ ವರ್ಷದ ಮೇಲೆ. “ಅಷ್ಟೊತ್ತಿಗೆ ನೀವು ಪಾಟಿ ಹಿಡಕೊಂಡು ಸಾಲಿಗೆ ಹೋಗಾಕತ್ತಿದ್ರಿ,” ಎಂದೆ. ಅವ್ವ ಆಗ ಇರಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ.

ಸಾವ್ಕಾರರು ಗೋಡೆ ನೋಡುತ್ತಿದ್ದರು. ಮ್ಯಾನೇಜರು ಕರದಂಟಿನ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಿದ್ದರು. ಚಿಗವ್ವ ಫೋಟೊವನ್ನು ಸ್ವಲ್ಪ ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಹೊರಗೆ ಯಾರದೋ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು. ಲಟಕ್, ಲಟಕ್ ಎಂದು ಅದೊಂದೇ ಸದ್ದು, ಎಲ್ಲಿಯೋ ನೀರಿನ ಒಳಗಿನಿಂದ ಬಂದಂತೆ.

“ಬಲಸೆರಗ ಐತೆಲ್ಲ?” ಎಂದು ಕೇಳಿದರು.

“ಐತ್ರಿ.”

“ನಮ್ಮ ಕಡ್ಯಾಕೀನ ಇರಬೇಕಲ್ಲ?”

“ಇರಬಹುದ್ರಿ.”

“ಮತ್ತ ಈಕಿ ಯಾರು?”

ಬ್ಯಾಟರಿ, ಡೈನಮೊ, ಸ್ಟೇರಿಂಗು, ಸೆರಗು, ಎಲ್ಲದರ ಮೇಲೂ ವಾದ ಮಾಡಿದ್ದೆವು. ಇದೊಂದನ್ನು ಯಾರೂ ಕೇಳಿರಲಿಲ್ಲ.

“ಈಕಿಗೂ ಮಕ್ಕಳು ಮರಿ ಇರಬೇಕಲ್ಲೋ,” ಎಂದರು ಚಿಗವ್ವ, ಸಾಲಿಯಲ್ಲಿ ಮಂದ ಹುಡುಗರಿಗೆ ಹೇಳುವ ತಾಳ್ಮೆಯಿಂದ. “ಅವರೂ ಎಲ್ಲೋ ಕುಂತು ಹುಡುಕಾಕತ್ತಿರಬೇಕು. ನಿಮ್ಮ ಮೊಬೈಲ್ನ್ಯಾಗ ಸರಿಯಾಗಿ ತಿರುವಿ ಹಾಕ್ರಿ, ಹಿಂಗಿಂಗ ಬಲಸೆರಗಿನಾಕಿ ಅಂತ ಬರೀರಿ. ಯಾರರ ಬಂದ್ರ ಕೊಡ್ತೇನಿ. ಅಲ್ಲೀಮಟ ನನ್ನ ಹತ್ರ ಇರಲಿ.” ಮತ್ತೆ ಸಾವ್ಕಾರರ ಕಡೆ ತಿರುಗಿದರು. “ನೀ ಯಾಕೋ ಮಾರಿ ಸಣ್ಣದು ಮಾಡೀಯಾ? ಊಟಕ್ಕ ಎಬ್ಬಿಸು ಇವರನ್ನ. ಅಷ್ಟು ದೂರಿಂದ ಆ ಡಬ್ಬಿ ಗಾಡ್ಯಾಗ ಬಂದಾರ.”

ಎಣ್ಣೆಗಾಯಿ, ಕಡಕ್ ರೊಟ್ಟಿ, ಮೊಸರು, ಮಾದಲಿ. ಮಾದಲಿಯ ಸಿಹಿ ಮಾಡಿಸಿದ್ದು ಹೌದು ಎಂಬ ಉತ್ತರಕ್ಕಾಗಿ. ಅಲ್ಲ ಎಂದವರಿಗೂ ಬಡಿಸಿದರು. ಚಿಗವ್ವ ನಮ್ಮ ಜೊತೆ ಕೂರಲಿಲ್ಲ, ಆಮೇಲೆ ಉಣ್ಣುತ್ತೇನೆ ಎಂದರು. ಕೈ ತೊಳೆಯಲು ಎದ್ದಾಗ ಬಾಗಿಲಿನಿಂದ ಕಂಡರು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕಿಡಕಿಯ ಕಡೆ ತಿರುಗಿ ಕೂತಿದ್ದರು. ಬೆಳಕು ಎದುರಿಗಿತ್ತು, ನನಗೆ ಅವರ ಮುಖ ಕಾಣಲಿಲ್ಲ.

ಹೋಗುವ ಮೊದಲು ಬಾದಾಮಿಯವರು ತಿರುಗಿಸಿದ ಫೋಟೊವನ್ನು ಗುಂಪಿಗೆ ಹಾಕಿದರು. ‘ಹಿಂದೆ ಬಂದ ಫೋಟೊ ತಿರುವುಮುರುವಾಗಿದೆ, ಇದು ಸರಿ. ಇದರಲ್ಲಿ ಬಲಸೆರಗು ಹೊದ್ದು ಮಡ್‌ಗಾರ್ಡಿನ ಮೇಲೆ ಕೈಯಿಟ್ಟವರು ಯಾರ ಮನೆಯವರು ಎಂದು ಬಲ್ಲವರು ತಿಳಿಸಬೇಕು’ ಎಂದು ನಾನು ಬರೆದುಕೊಟ್ಟೆ. ಉತ್ತರಗಳು ಬಹಳ ಬಂದವು. ಕೆಲವು ಬಂಪರಿನ ಬಗ್ಗೆ, ಕೆಲವು ಡೈನಮೊದ ಬಗ್ಗೆ. ಒಬ್ಬರು ತಮ್ಮ ಹತ್ತಿರ ಅದೇ ನಮೂನೆಯ ಬಾಗಿಲ ಹಿಡಿಕೆ ಇದೆ, ಬೇಕೇ ಎಂದು ಕೇಳಿದರು.

ಆ ಹೆಣ್ಣುಮಗಳು ನಮ್ಮವರು ಎಂದು ಇದುವರೆಗೆ ಯಾರೂ ಬಂದಿಲ್ಲ. ಫೋಟೊ ಚಿಗವ್ವನ ಹತ್ತಿರ ಇದೆ.